ರಾಜಿಯಲ್ಲಿ ಕಳೆದುಹೋದ ಕನ್ನಡ ಪೀರಿಯಡ್

ಹೋದ ತಿಂಗಳು ಸಂಘದ ಸಂಚಿಕೆಗೆ ಅಂತ ನಾವು ನಾಲ್ಕು ಜನ ಕಲ್ಯಾಣ ನಗರಕ್ಕೆ ಹೋಗಿದ್ವಿ. ನಮ್ಮಲ್ಲೇ ಒಬ್ಬನ ತಾತ ಅಲ್ಲಿದ್ದಾರೆ, ನಿವೃತ್ತ ಕನ್ನಡ ಮೇಷ್ಟ್ರು. ಔಟರ್ ರಿಂಗ್ ರೋಡಲ್ಲಿ ಮೆಟ್ರೋ ಕೆಲಸ ನಡೀತಿರೋದ್ರಿಂದ ಒಂದು ಗಂಟೆ ಲೇಟಾಗಿ ತಲುಪಿದ್ವಿ. ಮೇಷ್ಟ್ರು ಗಡಿಯಾರ ನೋಡಿ, "ಬನ್ರಪ್ಪಾ, ಮೊದಲ ಪೀರಿಯಡ್ ಮುಗೀತು, ಎರಡನೇದಕ್ಕಾದ್ರೂ ಬಂದ್ರಲ್ಲ" ಅಂದ್ರು. ಹೆಸರು ಮಾತ್ರ ಹಾಕಬೇಡಿ ಅಂದಿದ್ದಾರೆ, ಅದಕ್ಕೆ ಇಲ್ಲಿ ಬರೀ ಮೇಷ್ಟ್ರು.

ನಾವು ಕೇಳೋಕೆ ಹೋಗಿದ್ದು ಶಾಲೆಯ ಸವಿನೆನಪುಗಳನ್ನ. ಅವರು ಅದರ ಜೊತೆಗೆ ರಾಜಕೀಯದ ರಾಜಿಗಳ ಬಗ್ಗೆನೂ ಹೇಳಿದ್ರು. ಎರಡೂ ಬೇರೆ ಬೇರೆ ವಿಷಯ ಅಂದ್ಕೊಂಡಿದ್ವಿ. ವಾಪಸ್ ಬರೋ ಬಸ್ಸಲ್ಲಿ ಮಾತಾಡ್ತಾ ಮಾತಾಡ್ತಾ, ಎರಡೂ ಒಂದೇ ಕಥೆ, ಮತ್ತು ಆ ಕಥೆಯಲ್ಲಿ ನಾವೂ ಇದ್ದೀವಿ ಅನ್ನಿಸ್ತು.

ಮೊದಲು ನೆನಪು. ಮೇಷ್ಟ್ರು 1981ರಲ್ಲಿ ಕಂಟೋನ್ಮೆಂಟ್ ಕಡೆಯ ಒಂದು ಅನುದಾನಿತ ಶಾಲೆಗೆ ಸೇರಿದ್ರು. ಹೆಂಚಿನ ಕಟ್ಟಡ. ಗಂಟೆ ಅಂದ್ರೆ ಮರಕ್ಕೆ ನೇತುಹಾಕಿದ್ದ ರೈಲು ಕಂಬಿಯ ತುಂಡು. ಮಳೆ ಬಂದ್ರೆ ಸೋರೋದು, ಆಗ ಮೂರು ತರಗತಿಗಳನ್ನ ಒಂದೇ ಹಾಲಲ್ಲಿ ಕೂರಿಸಿ ಕಥೆ ಹೇಳೋದು. ಮಕ್ಕಳು ಹಲಸೂರು, ಶಿವಾಜಿನಗರದ ಕಡೆಯವರು. ಮನೇಲಿ ತಮಿಳು, ಉರ್ದು, ತೆಲುಗು. ಕನ್ನಡ ಮನೆಮಾತಾಗಿದ್ದವರು ಬೆರಳೆಣಿಕೆಯಷ್ಟು.

ಅವರಿಗೆ ಕನ್ನಡ ಹೇಗೆ ಕಲಿಸಿದ್ರಿ ಅಂತ ಕೇಳಿದ್ವಿ. ಶುಕ್ರವಾರದ ಕೊನೇ ಪೀರಿಯಡ್ ಅಂದ್ರು. ಒಬ್ಬ ಹುಡುಗ ಎದ್ದು ನಿಂತು ಮನೇಲಿ ನಡೆದದ್ದನ್ನ ತನ್ನ ಭಾಷೆಯಲ್ಲೇ ಹೇಳಬೇಕು. ಎರಡೂ ಭಾಷೆ ಗೊತ್ತಿರೋ ಇನ್ನೊಬ್ಬ ಅದನ್ನ ಕನ್ನಡದಲ್ಲಿ ಹೇಳಬೇಕು. ಆಮೇಲೆ ಮೊದಲನೆಯವನು ಅದೇ ಕಥೇನ ಕನ್ನಡದಲ್ಲಿ ಮತ್ತೆ ಹೇಳಬೇಕು. ತಪ್ಪಾದ್ರೆ ಯಾರೂ ನಗೋ ಹಾಗಿಲ್ಲ. "ಇನ್‌ಸ್ಪೆಕ್ಟರ್ ಬಂದಿದ್ರೆ ಬೈಸ್ಕೋತಿದ್ದೆ, ಕನ್ನಡ ಕ್ಲಾಸಲ್ಲಿ ತಮಿಳು ಯಾಕೆ ಅಂತ. ಅದು ಆ ಮಕ್ಕಳ ಜೊತೆ ನಾನು ಮಾಡ್ಕೊಂಡ ರಾಜಿ. ನಾನು ಸ್ವಲ್ಪ ಬಿಟ್ಟೆ, ಅವರೂ ಸ್ವಲ್ಪ ಬಿಟ್ರು" ಅಂದ್ರು. ಉಳಿದದ್ದನ್ನ ಕಬಡ್ಡಿ ಕಲಿಸ್ತಂತೆ. ಜಗಳ ಆಡೋಕೂ ಎಲ್ಲರಿಗೂ ಗೊತ್ತಿರೋ ಒಂದು ಭಾಷೆ ಬೇಕಲ್ಲ!

ಈಗ ರಾಜಕೀಯ. ಮೇಷ್ಟ್ರು ಕೆಲಸಕ್ಕೆ ಸೇರಿದ ವರ್ಷವೇ, ಜನವರಿಯಲ್ಲಿ, ವಿ.ಕೃ. ಗೋಕಾಕ್ ಸಮಿತಿ ವರದಿ ಕೊಟ್ಟಿತ್ತು. ಸಂಸ್ಕೃತವನ್ನ ಪ್ರಥಮ ಭಾಷೆಯಾಗಿ ತಗೊಂಡು, ಕನ್ನಡ ಓದದೇ ಹೈಸ್ಕೂಲು ಮುಗಿಸಬಹುದು ಅನ್ನೋದ್ರಿಂದ ಶುರುವಾದ ವಿವಾದ ಅದು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆ ಆಗಬೇಕು ಅಂತ ಸಮಿತಿ ಹೇಳ್ತು. 1982ರಲ್ಲಿ ಚಳವಳಿ, ಡಾ. ರಾಜ್‌ಕುಮಾರ್ ಬೀದಿಗೆ ಇಳಿದದ್ದು, ಗುಂಡೂರಾವ್ ಸರ್ಕಾರ ಮಣಿದದ್ದು ನಮಗೆ ನವೆಂಬರ್ ಭಾಷಣಗಳಿಂದ ಗೊತ್ತು. ಮೇಷ್ಟ್ರು ಮೆರವಣಿಗೆಯಲ್ಲಿ ನಡೆದಿದ್ರು. ಅದನ್ನ ಹೇಳುವಾಗ ಈಗಲೂ ಅವರ ಧ್ವನಿ ಏರುತ್ತೆ.

ಆದ್ರೆ ಯಾವ ಭಾಷಣದಲ್ಲೂ ನಾವು ಕೇಳದ ಇನ್ನೊಂದು ವಿಷಯ ಹೇಳಿದ್ರು. ಮೆರವಣಿಗೆ ಆದ ಮಾರನೇ ವಾರ, ಒಬ್ಬ ಹುಡುಗನ ಅಪ್ಪ ಶಾಲೆ ಬಾಗಿಲಿಗೆ ಬಂದು, ಅರೆಬರೆ ಕನ್ನಡದಲ್ಲಿ "ಸಾರ್, ನಮ್ಮ ಹುಡುಗ ಫೇಲ್ ಆಗಿಬಿಡ್ತಾನಾ?" ಅಂತ ಕೇಳಿದನಂತೆ. "ಘೋಷಣೆಗೆ ನನ್ನ ಹತ್ರ ಧ್ವನಿ ಇತ್ತು ಕಣ್ರಪ್ಪಾ, ಆ ಪ್ರಶ್ನೆಗೆ ಉತ್ತರ ಇರಲಿಲ್ಲ" ಅಂದ್ರು.

ಮುಂದಿನದು ರಾಜಿಗಳ ಸಾಲು. ಕನ್ನಡವೊಂದೇ ಪ್ರಥಮ ಭಾಷೆ ಅನ್ನೋ ಆದೇಶವನ್ನ 1989ರಲ್ಲಿ ಹೈಕೋರ್ಟ್ ತೆಗೆದುಹಾಕ್ತು. ಅದೇ ವರ್ಷ, ಪ್ರಥಮ ಭಾಷೆಯನ್ನ ವಿದ್ಯಾರ್ಥಿಯೇ ಆರಿಸ್ಕೋಬಹುದು ಅಂತ ಹೊಸ ಆದೇಶ ಬಂತು. 1994ರಲ್ಲಿ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಅಂತಾಯ್ತು. ಆಗ ಎಷ್ಟೋ ಶಾಲೆಗಳು ಕನ್ನಡ ಮಾಧ್ಯಮಕ್ಕೆ ಅನುಮತಿ ತಗೊಂಡು ಇಂಗ್ಲಿಷಲ್ಲಿ ಪಾಠ ಮಾಡಿದ್ವು. ಅಪ್ಪ ಅಮ್ಮಂದಿರಿಗೆ ಗೊತ್ತಿತ್ತು, ಇಲಾಖೆಗೂ ಗೊತ್ತಿತ್ತು. 2006ರಲ್ಲಿ ಸರ್ಕಾರ ಮಾನ್ಯತೆ ರದ್ದು ಮಾಡೋಕೆ ಹೊರಟಾಗ ಇಂಥ ಶಾಲೆಗಳ ಸಂಖ್ಯೆ ಎರಡು ಸಾವಿರ ದಾಟಿತ್ತು. ಅದೇ ಸಮ್ಮಿಶ್ರ ಸರ್ಕಾರದ ಕಾಲದಲ್ಲೇ, 2007ರಿಂದ, ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಮಾತೃಭಾಷಾ ಮಾಧ್ಯಮವನ್ನ ಸರ್ಕಾರ ಬಲವಂತವಾಗಿ ಹೇರುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಸಂವಿಧಾನ ಪೀಠ 2014ರ ಮೇ 6ರಂದು ಹೇಳ್ತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ತರಗತಿಗಳು ಶುರುವಾದ್ವು.

"ರಾಜಿ ಇಲ್ದೆ ಸಂಸಾರಾನೂ ನಡೆಯಲ್ಲ, ಸರ್ಕಾರಾನೂ ನಡೆಯಲ್ಲ. ಆದ್ರೆ ರಾಜಿ ಅಂದ್ಮೇಲೆ ಕೂತವರೆಲ್ಲ ಏನಾದ್ರೂ ಬಿಡಬೇಕು. ಅಲ್ಲಿ ಕೂತೇ ಇಲ್ಲದವನ ಕೈಯಿಂದ ಬಿಡಿಸಿದ್ರೆ ಅದು ರಾಜಿ ಅಲ್ಲ" ಅಂದ್ರು ಮೇಷ್ಟ್ರು.

ಅಲ್ಲಿ ಕೂತೇ ಇಲ್ಲದವರು ನಾವು. ಸರ್ಕಾರಕ್ಕೆ ಆದೇಶದ ಮೇಲೆ ಕನ್ನಡ ಸಿಕ್ತು, ಮ್ಯಾನೇಜ್‌ಮೆಂಟಿಗೆ ಅಡ್ಮಿಷನ್ ಸಿಕ್ತು, ಅಪ್ಪ ಅಮ್ಮಂದಿರಿಗೆ ಇಂಗ್ಲಿಷ್ ಸಿಕ್ತು. ಹೋಗಿದ್ದು ಕನ್ನಡ ಪೀರಿಯಡ್. ನಾವು ನಾಲ್ಕೂ ಜನ ಬೇರೆ ಬೇರೆ ಶಾಲೆ, ಆದ್ರೆ ನೆನಪು ಒಂದೇ. ಮ್ಯಾಥ್ಸ್ ಪೋರ್ಷನ್ ಮುಗಿದಿಲ್ಲ ಅಂದ್ರೆ ಕನ್ನಡ ಪೀರಿಯಡ್ ಹೋಗ್ತಿತ್ತು, ಸ್ಪೋರ್ಟ್ಸ್ ಡೇ ಪ್ರಾಕ್ಟೀಸಿಗೂ ಅದೇ ಹೋಗ್ತಿತ್ತು. ನಮ್ಮಲ್ಲೊಬ್ಬ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಸಂಸ್ಕೃತ ತಗೊಂಡು 125ಕ್ಕೆ 125 ತೆಗೆದಿದ್ದಾನೆ. ಇವತ್ತು ಅವನಿಗೆ ಸಂಸ್ಕೃತದಲ್ಲಿ ಒಂದು ವಾಕ್ಯ ಬರಲ್ಲ, ಕನ್ನಡ ಪೇಪರ್ ಓದೋಕೆ ಒಂದು ಪುಟಕ್ಕೆ ಕಾಲು ಗಂಟೆ ಬೇಕು. ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕು ಅನ್ನೋ 2015ರ ಕಾಯ್ದೆ ಒಂದನೇ ತರಗತಿಯಿಂದ ಹಂತಹಂತವಾಗಿ ಬಂತು. ಆಗಲೇ ಆ ತರಗತಿ ದಾಟಿದ್ದ ನಮ್ಮ ಬ್ಯಾಚಿಗೆ ಅದು ತಾಗಲಿಲ್ಲ, ನಮ್ಮ ತಮ್ಮ ತಂಗಿಯರಿಗೆ ತಾಗಿತು.

ಹಾಗಂತ ನಮಗೆ ಅನ್ಯಾಯ ಆಯ್ತು ಅಂತ ಅಳೋಕೆ ಇದನ್ನ ಬರೀತಿಲ್ಲ. ಇಂಗ್ಲಿಷ್ ಮೀಡಿಯಂ ಇಲ್ದಿದ್ರೆ ಈ ಕಾಲೇಜಿನ ಮೊದಲ ಸೆಮಿಸ್ಟರ್ ನಮಗೆ ಎಷ್ಟು ಕಷ್ಟ ಆಗ್ತಿತ್ತು ಅಂತ ಗೊತ್ತು. ಕನ್ನಡ ಮಾಧ್ಯಮದಿಂದ ಬಂದ ಗೆಳೆಯರು ಪಟ್ಟ ಪಾಡನ್ನ ಪಕ್ಕದಲ್ಲೇ ಕೂತು ನೋಡಿದ್ದೀವಿ. ನಮ್ಮ ಅಪ್ಪ ಅಮ್ಮ ಇಂಗ್ಲಿಷ್ ಆರಿಸಿದ್ದು ಕನ್ನಡದ ಮೇಲಿನ ದ್ವೇಷದಿಂದ ಅಲ್ಲ, ಆ ತಮಿಳು ಹುಡುಗನ ಅಪ್ಪನಿಗೆ ಇದ್ದ ಭಯದಿಂದಲೇ. ನಮ್ಮ ಮಗು ಹಿಂದೆ ಬೀಳುತ್ತಾ ಅನ್ನೋ ಭಯ ಅದು.

ಇಲ್ಲಿ ಮೇಷ್ಟ್ರ ಜೊತೆ ನಮಗೆ ಒಂದು ಭಿನ್ನಾಭಿಪ್ರಾಯ ಇದೆ. 1982ರ ಆದೇಶ ಹಾಗೇ ಉಳಿದಿದ್ರೆ ಎಲ್ಲ ಸರಿ ಇರ್ತಿತ್ತು ಅಂತ ಅವರು ನಂಬ್ತಾರೆ. ನಮಗೆ ಹಾಗನ್ನಿಸಲ್ಲ. ಬಾಗಿಲಲ್ಲಿ ನಿಂತ ಅಪ್ಪನ ಪ್ರಶ್ನೆಗೆ ಆ ಆದೇಶದಲ್ಲೂ ಉತ್ತರ ಇರಲಿಲ್ಲ. ಉತ್ತರ ಇದ್ದದ್ದು ಮೇಷ್ಟ್ರ ಶುಕ್ರವಾರದ ಪೀರಿಯಡ್ಡಿನಲ್ಲಿ. ಮೂವತ್ತು ವರ್ಷ ನಾವೆಲ್ಲ ಕಡ್ಡಾಯ ಮಾಡಬೇಕಾ ಬೇಡ್ವಾ ಅಂತ ಜಗಳ ಆಡಿದ್ವಿ. ಕಲಿಸೋದು ಹೇಗೆ, ಆ ಪೀರಿಯಡ್ಡನ್ನ ಉಳಿಸೋದು ಹೇಗೆ ಅಂತ ಕೇಳಿದವರು ಕಮ್ಮಿ. ರಾಜಿ ಮಾಡ್ಕೊಂಡದ್ದು ತಪ್ಪಲ್ಲ. ಕಾಗದದಲ್ಲಿ ಕನ್ನಡ ಇದೆ ಅಂತ ತೋರಿಸಿ, ರಾಜಿಯೇ ಆಗಿಲ್ಲ ಅನ್ನೋ ಹಾಗೆ ನಡ್ಕೊಂಡದ್ದು ತಪ್ಪು.

ಆ ತಪ್ಪು ನಮ್ಮ ಮನೆಯಲ್ಲೂ ಇದೆ. ಮೊದಲ ವರ್ಷದಲ್ಲಿ ವಿಟಿಯು ಸ್ಕೀಮಿನಲ್ಲಿ ಕನ್ನಡಿಗರಿಗೆ ಸಾಂಸ್ಕೃತಿಕ ಕನ್ನಡ, ಬೇರೆಯವರಿಗೆ ಬಳಕೆ ಕನ್ನಡ ಇರುತ್ತೆ. ಒಂದು ಕ್ರೆಡಿಟ್, ಟಿಕ್ ಮಾಡೋ ಪರೀಕ್ಷೆ. ನಾವೇನು ಮಾಡಿದ್ವಿ? ಹಿಂದಿನ ರಾತ್ರಿ ಸೀನಿಯರ್ಸ್ ಕಳಿಸಿದ ಪಿಡಿಎಫ್ ನೋಡಿ ಟಿಕ್ ಮಾಡಿದ್ವಿ. ನಮ್ಮ ಸಂಘವೂ ಅಷ್ಟೇ. ನವೆಂಬರ್‌ನಲ್ಲಿ ಬಾವುಟ, ಡಿಜೆ, ಶಾಲು. ಡಿಸೆಂಬರ್‌ನಲ್ಲಿ ಮೀಟಿಂಗಿಗೆ ಆರು ಜನ. ಜನ ಬರಲಿ ಅಂತ ಡಿಜೆಗೆ ಒಪ್ಪಿದ್ವಿ, ಸರಿ. ಆದ್ರೆ ಬಂದವರಿಗೆ ಆಮೇಲೆ ಏನು ಕೊಟ್ವಿ?

ಈ ಲೇಖನದ ಮೊದಲ ಪ್ರತಿಯನ್ನ ಪ್ರಿಂಟ್ ತೆಗೆದು ಮೇಷ್ಟ್ರಿಗೆ ತೋರಿಸಿದ್ವಿ. ಕೆಂಪು ಪೆನ್ನಲ್ಲಿ ಮೂವತ್ತೆಂಟು ಕಡೆ ಗುರುತು. ಅಲ್ಪಪ್ರಾಣ, ಮಹಾಪ್ರಾಣ, ಒತ್ತಕ್ಷರ, ಎಲ್ಲ. ಆದ್ರೆ ‘ಹೋಗಿದ್ವಿ’, ‘ಅಂದ್ರು’ ಇವನ್ನ ಹಾಗೇ ಬಿಟ್ಟಿದ್ರು. ಯಾಕೆ ಅಂತ ಕೇಳಿದ್ದಕ್ಕೆ, "ಅದು ನೀವು ಮಾತಾಡೋ ರೀತಿ, ಇರ್ಲಿ ಬಿಡಿ. ಕಾಗುಣಿತದಲ್ಲಿ ಮಾತ್ರ ರಾಜಿ ಇಲ್ಲ" ಅಂದ್ರು.

ನಮ್ಮ ಪ್ರಸ್ತಾಪ ಇಷ್ಟೇ. ಮುಂದಿನ ಸೆಮಿಸ್ಟರಿಂದ ಪ್ರತಿ ಶುಕ್ರವಾರ ಕೊನೇ ಕ್ಲಾಸ್ ಆದ್ಮೇಲೆ ಒಂದು ಗಂಟೆ, ಮೇಷ್ಟ್ರ ಪದ್ಧತಿಯಲ್ಲಿ ಕೂರೋಣ. ಹಾಸ್ಟೆಲಿನ ಬಿಹಾರ, ಕೇರಳ, ಆಂಧ್ರದ ಗೆಳೆಯರು ತಮ್ಮ ಭಾಷೆಯಲ್ಲಿ ಹೇಳಲಿ, ಗೊತ್ತಿದ್ದವರು ಕನ್ನಡಕ್ಕೆ ತರಲಿ, ಅವರು ಮತ್ತೆ ಕನ್ನಡದಲ್ಲಿ ಹೇಳಲಿ. ಕನ್ನಡ ಬರೆಯೋಕೆ ನಾಚಿಕೆ ಪಡೋ ನಮ್ಮಂಥ ಕನ್ನಡಿಗರು ಅದನ್ನ ಬರ್ಕೊಳ್ಳಲಿ. ತಪ್ಪಾದ್ರೆ ಯಾರೂ ನಗೋ ಹಾಗಿಲ್ಲ. ಇಂಟರ್ನಲ್ಸ್ ಹತ್ರ ಬಂತು ಅಂತ ಆ ಪೀರಿಯಡ್ಡನ್ನ ಯಾರಿಗೂ ಬಿಟ್ಟುಕೊಡೋ ಹಾಗೂ ಇಲ್ಲ. ಮೊದಲ ಶುಕ್ರವಾರಕ್ಕೆ ಮೇಷ್ಟ್ರು ಬರ್ತೀನಿ ಅಂದಿದ್ದಾರೆ. ಟೈಮಿಗೆ ಸರಿಯಾಗಿ ಬನ್ನಿ, ಅವರು ಗಡಿಯಾರ ನೋಡ್ತಾರೆ.