ಅಕ್ಕನ ಲೆಕ್ಕದ ಪುಸ್ತಕ

ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿ ಬಾಳುವ ನಮ್ಮ ಸೀಮೆಯಲ್ಲಿ, ಹಳಬರ ಬಾಯಲ್ಲಿ ಇಂದಿಗೂ ಕೆ.ಎಂ. ದೊಡ್ಡಿಯಾಗಿಯೇ ಉಳಿದಿರುವ ಈ ಭಾರತೀನಗರದ ಸುತ್ತಣ ಹಳ್ಳಿಗಳಲ್ಲಿ, ಮನೆಯ ಯಜಮಾನ ಅಕಾಲದಲ್ಲಿ ತೀರಿಕೊಂಡನೆಂದರೆ, ಅವನ ಸಾಲವೆಷ್ಟೆಂಬುದು ಅವನ ಹೆಂಡತಿಗೆ ತಿಳಿದುಬರುವುದು ಸಾಲ ಕೊಟ್ಟವರ ಬಾಯಿಂದ, ಅದೂ ತಿಥಿ ಮುಗಿಯುವುದರೊಳಗೆ. ಹತ್ತಾರು ವರ್ಷ ಒಂದೇ ಸೂರಿನಡಿಯಲ್ಲಿ ಬಾಳಿದವಳಿಗೆ ತಿಳಿಯದಿದ್ದದ್ದು ಊರಿನ ಅಂಗಡಿಯವನಿಗೆ ತಿಳಿದಿತ್ತೆಂಬ ಸಂಗತಿ, ವಿಯೋಗದ ದುಃಖಕ್ಕಿಂತ ಕಡಮೆಯ ನೋವಲ್ಲ.

ಕಬ್ಬು ಬೆಳೆಯುವವನ ಸಾಲಕ್ಕೆ ಅವನ ದುಂದುಗಾರಿಕೆಯೇ ಕಾರಣವೆಂದು ಹೇಳುವವರು ಆ ಬೆಳೆಯ ಕಾಲಗಣನೆಯನ್ನು ಅರಿಯದವರು. ನೆಟ್ಟಂದಿನಿಂದ ಕಟಾವಿನವರೆಗೆ ಹೆಚ್ಚುಕಡಮೆ ಒಂದು ವರ್ಷ. ಆಮೇಲೆ ಬಿಲ್ಲಿನ ಹಣಕ್ಕೆ ಕಾಯುವಿಕೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗತಕ್ಕದ್ದು, ತಪ್ಪಿದರೆ ವರ್ಷಕ್ಕೆ ಶೇಕಡ 15ರ ಬಡ್ಡಿ ಸೇರತಕ್ಕದ್ದು. ಆದರೆ ನಿಯಮದಂತೆ ಹಣ ಬಾರದ ವರ್ಷದಲ್ಲಿ ಗೊಬ್ಬರದಂಗಡಿಯ ಬಾಕಿಯಾಗಲಿ ಮಗಳ ಕಾಲೇಜಿನ ಫೀಸಾಗಲಿ ಕಾದು ಕೂರುವುದಿಲ್ಲ. ಸೊಸೈಟಿಯ ಸಾಲ ಮನೆಮಂದಿಗೆಲ್ಲ ಗೊತ್ತಿರುತ್ತದೆ. ಕೈಸಾಲ ಗಂಡಸಿನ ಜೇಬಿನಲ್ಲಿಯೇ ಬೆಳೆಯುತ್ತದೆ. ಅದನ್ನು ಹೇಳಿಕೊಳ್ಳುವುದು ಮರ್ಯಾದೆಗೇಡೆಂದು ಅವನಿಗೆ ಬಾಲ್ಯದಿಂದ ಯಾರೋ ಕಲಿಸಿದ್ದಾರೆ. ಹಾಗೆ ಕಲಿಸಿದವರಲ್ಲಿ ನಾವೆಲ್ಲರೂ ಸೇರಿದ್ದೇವೆ. 2015ರಲ್ಲಿ ಮಂಡ್ಯ ಜಿಲ್ಲೆಯ ರೈತರ ಆತ್ಮಹತ್ಯೆಗಳು ನಾಡನ್ನೆಲ್ಲ ಕಲಕಿದಾಗ ಸರ್ಕಾರವು ಪರಿಹಾರಧನವನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಆ ಹಣಕ್ಕೂ ಸಾಲದ ದಾಖಲೆ ಬೇಕು, ಭೂಮಿಯ ದಾಖಲೆ ಬೇಕು. ಮುಚ್ಚಿಟ್ಟ ಸಾಲಕ್ಕೆ ದಾಖಲೆಯೆಲ್ಲಿಯದು?

ನಾನು ಹತ್ತಿರದಿಂದ ಬಲ್ಲ ಒಂದು ಮನೆಯ ಮಾತನ್ನು, ಹೆಸರುಗಳನ್ನು ಬಿಟ್ಟು, ಇಲ್ಲಿ ಹೇಳಬೇಕಾಗಿದೆ. ಅಕ್ಕನನ್ನು ಮದ್ದೂರಿನ ಕಡೆಗೂ ತಂಗಿಯನ್ನು ಮಳವಳ್ಳಿಯ ಕಡೆಗೂ ಕೊಟ್ಟಿದ್ದರು. ತಂಗಿಯ ಗಂಡ ತೀರಿಕೊಂಡ ಮೂರನೆಯ ದಿನ, ಹಾಲು-ತುಪ್ಪ ಬಿಟ್ಟು ಬಂದವರು ಇನ್ನೂ ಕೈಕಾಲು ತೊಳೆಯುತ್ತಿರುವಾಗಲೇ ಇಬ್ಬರು ಬಂದು ಜಗುಲಿಯ ಮೇಲೆ ಕುಳಿತರು. ತಿಥಿಯ ದಿನಕ್ಕೆ ಏಳು ಮಂದಿಯಾದರು. ಮನೆಯ ಗಂಡಸರು ಏನು ಹೇಳಲೂ ತೋಚದೆ ತಲೆ ತಗ್ಗಿಸಿ ನಿಂತಿದ್ದಾಗ, ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದ ಆ ಅಕ್ಕ, ಮಗುವಿನ ನೋಟುಪುಸ್ತಕವೊಂದನ್ನು ತಂದು ಬಾಗಿಲ ಬಳಿ ಕುಳಿತು, “ಒಬ್ಬೊಬ್ರಾಗಿ ಹೇಳಿ ಅಣ್ಣ, ಬರ್ಕತೀನಿ. ಯಾವ ತಿಂಗ್ಳು ಕೊಟ್ರಿ, ಬಡ್ಡಿ ಎಷ್ಟು, ಚೀಟಿ ಎಲ್ಲದೆ?” ಎಂದಳು. ಚೀಟಿಯಿಲ್ಲದವರಿಬ್ಬರು ಸದ್ದಿಲ್ಲದೆ ಎದ್ದು ಹೋದರು. ಸತ್ತವನ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವನಿಂದ ಬಂದ ಆಸ್ತಿಯ ಮಿತಿಯವರೆಗೆ ಮಾತ್ರವೇ ಹೊರತು, ಹೆಂಡತಿಯ ಕೊರಳ ಸರದವರೆಗಲ್ಲ ಎಂಬ ಕಾನೂನಿನ ಮಾತು ಅವಳಿಗೆ ಗೊತ್ತಿರಲಿಲ್ಲ; ಗೊತ್ತಿದ್ದವರಂತೆ ಅವಳು ನಡೆದುಕೊಂಡಳು.

ಆ ರಾತ್ರಿ ತಂಗಿ, ಅಪ್ಪನ ಗದ್ದೆಯಲ್ಲಿ ನಮಗೂ ಪಾಲಿತ್ತಲ್ಲವೇ ಎಂದು ಕೇಳಿದಳಂತೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, ಹದಿನಾರು ವರ್ಷ ಒಳಗಿಟ್ಟುಕೊಂಡದ್ದನ್ನು ಹೇಳಿದಳು. ಅಪ್ಪ ಹೋದ ವರ್ಷ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಇಬ್ಬರೂ ಸಹಿ ಹಾಕಿದ ಕಾಗದ ಖಾತೆಯ ಕಾಗದವಾಗಿರಲಿಲ್ಲ, ಹಕ್ಕುಖುಲಾಸೆ ಪತ್ರವಾಗಿತ್ತು. ಅದು ತನಗೆ ಗೊತ್ತಿತ್ತು; ತವರು ಉಳಿಯಲಿ, ಗೌರಿಹಬ್ಬಕ್ಕೆ ಬಾಗಿನ ತಪ್ಪದಿರಲಿ ಎಂದು ತಂಗಿಗೆ ಬೇರೆಯೇ ಹೇಳಿದ್ದಳು.

ತಂಗಿಯ ಗಂಡನ ಗುಟ್ಟನ್ನು ಹೊರಗೆಳೆದವಳ ಬಳಿಯಲ್ಲಿಯೇ ಇನ್ನೊಂದು ಗುಟ್ಟಿತ್ತು. ಇದನ್ನು ಕೇಳಿದ ಮೇಲೆ ಆಕೆಯ ಮೇಲಿನ ನನ್ನ ಗೌರವ ಕುಂದಲಿಲ್ಲ; ಆದರೆ ಹೆಣ್ಣುಮಕ್ಕಳ ಮೌನದ ಮೇಲೆ ಕಟ್ಟಿದ ತವರಿನ ಮೇಲಿದ್ದ ಗೌರವ ಕುಂದಿತು. ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಂದೇ, ಅಂದಿಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನ ಹಕ್ಕನ್ನಿತ್ತಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಒಳಗೊಂಡಿತು. ಆ ಹಕ್ಕು ಹುಟ್ಟಿನಿಂದಲೇ ಬಂದುದೆಂದೂ, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿತು. ಇಷ್ಟನ್ನೂ ಹಬ್ಬದ ಸೀರೆಯೊಂದು ಅಳಿಸಿಹಾಕಬಲ್ಲುದು. ಭೈರಪ್ಪನವರು 1965ರಲ್ಲಿ ‘ವಂಶವೃಕ್ಷ’ವೆಂದು ಹೆಸರಿಟ್ಟ ಕಾದಂಬರಿಯಲ್ಲಿ ಶ್ರೋತ್ರಿಗಳು ತಮ್ಮ ಹುಟ್ಟಿನ ಗುಟ್ಟನ್ನು ಮುಪ್ಪಿನಲ್ಲಿ ತಿಳಿಯುತ್ತಾರೆ, ನಮ್ಮ ನಾಡಕಚೇರಿಗಳಲ್ಲಿ ಅದೇ ಹೆಸರಿನ ಕಾಗದದಿಂದ ಹೆಣ್ಣುಮಕ್ಕಳ ಹೆಸರು ಜಾರಿಹೋಗಿರುವುದನ್ನು ಅವರು ವಿಧವೆಯರಾಗಿ ಮರಳಿದ ದಿನ ತಿಳಿಯುತ್ತಾರೆ.

ಆದುದರಿಂದ ನಾನು ಬಯಸುವುದು ಇಷ್ಟು. ಹಕ್ಕುಖುಲಾಸೆಗೆ ಸಹಿ ಹಾಕಲು ಬಂದ ಹೆಣ್ಣುಮಗಳನ್ನು ಅಣ್ಣತಮ್ಮಂದಿರಿಂದ ಬೇರೆಯಾಗಿ ಕೂರಿಸಿ, ಆ ಪತ್ರವನ್ನು ಅವಳಿಗೆ ತಿಳಿಯುವ ಮಾತಿನಲ್ಲಿ ಓದಿಹೇಳುವುದು ನೋಂದಣಿ ಕಚೇರಿಯ ಕರ್ತವ್ಯವಾಗಲಿ. ಗಂಡನ ಸಾಲಕ್ಕೆ ಹೆಂಡತಿಯ ಒಪ್ಪಿಗೆ ಬೇಡವೆನಿಸಿದರೂ ಅವಳ ತಿಳಿವಳಿಕೆಯಾದರೂ ಇರಲೆಂದು ನಮ್ಮ ಸಹಕಾರ ಸಂಘಗಳು ಮೇಲ್ಪಂಕ್ತಿ ಹಾಕಲಿ. ಮನೆಯ ಮರ್ಯಾದೆ ಅದರಿಂದ ಹೋಗುವುದಾದರೆ, ಹೋಗಲಿ.

ತಂಗಿ ಈಗ ಎರಡು ಹಸುಗಳನ್ನು ಸಾಕಿದ್ದಾಳೆ. ಗೆಜ್ಜಲಗೆರೆಯ ಡೇರಿಗೆ ಹೋಗುವ ಹಾಲಿನಲ್ಲಿ ಅವಳದೂ ಸೇರಿದೆ, ಹಣ ಅವಳ ಖಾತೆಗೇ ಬರುತ್ತದೆ. ಹೋದ ಗೌರಿಹಬ್ಬದಲ್ಲಿ ಆ ನೋಟುಪುಸ್ತಕವನ್ನು ನನಗೆ ತೋರಿಸಿದಳು. ಉಳಿದ ಐದು ಹೆಸರುಗಳಲ್ಲಿ ಮೂರಕ್ಕೆ ಗೀಟು ಎಳೆದಿತ್ತು. ಎದುರು ಪುಟದಲ್ಲಿ, ‘ನಿನಗೆ ಬರಬೇಕಾದ್ದು’ ಎಂದು ಅಕ್ಕನ ದುಂಡಗಿನ ಅಕ್ಷರದಲ್ಲಿ ಬರೆದಿದ್ದುದರ ಕೆಳಗೆ ‘ಅಕ್ಕ’ ಎಂಬ ಒಂದೇ ಹೆಸರಿತ್ತು. ಅದರ ಮುಂದೆ ಮೊತ್ತದ ಜಾಗವನ್ನು ಖಾಲಿ ಬಿಟ್ಟಿದ್ದಳು.