75 ಕಿಲೋ 125 ಕೋಟಿಯಾದ ಬಗೆ

ತುಂಗಭದ್ರೆಯ ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರು ಸೀಮೆ ಬತ್ತದ ಕಣಜವಾಯಿತು. ಅಲ್ಲಿನ ಬಳಗಾನೂರಿನಲ್ಲಿ ಸುಗ್ಗಿಯ ದಿನ ರೈತನೊಬ್ಬ ಬತ್ತದ ಚೀಲವನ್ನು ವಿದ್ಯುತ್ ತಕ್ಕಡಿಗೆ ಏರಿಸಿದನೆಂದು ಭಾವಿಸಬಹುದು. ತಕ್ಕಡಿ ತೋರಿದ್ದು 75 ಕಿಲೋ. ತಂತಿಯ ಮೂಲಕ ಅದನ್ನು ಪಡೆದ ಗಣಕಯಂತ್ರ ಬರೆದುಕೊಂಡದ್ದು 1,25,82,91,200 ಕಿಲೋ! ತಕ್ಕಡಿ ಸುಳ್ಳಾಡಲಿಲ್ಲ, ತಂತಿಯೂ ಕೆಡಲಿಲ್ಲ. ಹಾಗಾದರೆ ತಪ್ಪು ಯಾರದು?

ತಂತಿಗೆ ರೈತನೂ ತಿಳಿಯದು, ತೂಕವೂ ತಿಳಿಯದು. ಅದು ಸಾಗಿಸುವುದು ಬೈಟುಗಳ ಸಾಲನ್ನು ಮಾತ್ರ. ದೊಡ್ಡ ಸಂಖ್ಯೆಗೆ ಸಾಮಾನ್ಯವಾಗಿ ನಾಲ್ಕು ಬೈಟುಗಳ ಸ್ಥಳ ಮೀಸಲು. ಕೆಲವು ಯಂತ್ರಗಳು ಹಿರಿಯ ಸ್ಥಾನವನ್ನು ಮೊದಲು ಇಡುತ್ತವೆ. ಇಂಟೆಲ್ ವಂಶದವು ಕಿರಿಯದನ್ನು. ತಕ್ಕಡಿ 0, 0, 0, 75 ಎಂದು ಕಳುಹಿಸಿತು. ಎದುರಿನ ಯಂತ್ರ ಕೊನೆಯ 75ನ್ನು ಅತಿ ಹಿರಿಯ ಸ್ಥಾನದ್ದೆಂದು ಬಗೆಯಿತು. ಅದು 1,67,77,216 ಪಟ್ಟು ಹಿಗ್ಗಿತು!

ರಾಯಚೂರು ಜಿಲ್ಲೆಯ ಹಿರಿಯರಿಗೆ ಈ ತೊಡಕು ಹೊಸದಲ್ಲ. 1956ರವರೆಗೆ ಜಿಲ್ಲೆ ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ನಿಜಾಮರ ಕಾಲದ ಸರಕಾರಿ ಕಾಗದಗಳು ಉರ್ದುವಿನಲ್ಲಿದ್ದವು. ಆ ಲಿಪಿಯಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ, ಅಂಕಿಗಳು ಎಡದಿಂದ ಬಲಕ್ಕೆ. ಪದ್ಧತಿ ಬಲ್ಲವನಿಗೆ ಓದು ಸಲೀಸು. ಅರಿಯದವನಿಗೆ 75 ರೂಪಾಯಿಯ ಸಾಲ 57 ಆದೀತು.

ಜಾಲಲೋಕದಲ್ಲಿಯೂ ಈ ಜಗಳ ನಡೆಯಿತು. ಸ್ವಿಫ್ಟನ ಗಲಿವರನ ಕತೆಯಲ್ಲಿ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಕಾದಾಡಿದವರ ಹೆಸರನ್ನೇ 1980ರಲ್ಲಿ ಡ್ಯಾನಿ ಕೋಹೆನ್ ಎಂಬ ಗಣಕ ವಿಜ್ಞಾನಿ ಈ ಎರಡು ಪಕ್ಷಗಳಿಗೆ ಇಟ್ಟನು. ಇಂಟರ್ನೆಟ್ಟಿನ ನಿಯಮಗಳು ಹಿರಿಯ ಸ್ಥಾನವೇ ಮೊದಲೆಂದು ಒಪ್ಪಿವೆ. ಸಿ ಭಾಷೆಯಲ್ಲಿ ಕಾರ್ಯಕ್ರಮ ರಚಿಸುವವನು ಕಳುಹಿಸುವ ಮುನ್ನ ಸಂಖ್ಯೆಯನ್ನು ಈ ಕ್ರಮಕ್ಕೆ ತಿರುಗಿಸಬೇಕು. ಪಡೆದವನು ತನ್ನ ಯಂತ್ರದ ಕ್ರಮಕ್ಕೆ ಮರಳಿಸಿಕೊಳ್ಳಬೇಕು.

ಇನ್ನೆರಡು ಎಚ್ಚರಿಕೆಗಳುಂಟು. ಹೆಸರು, ತಳಿ, ತೂಕಗಳನ್ನು ಒಂದೇ ಕಂತೆಯಾಗಿ ಕಟ್ಟಿದಾಗ, ಯಂತ್ರ ತನ್ನ ಅನುಕೂಲಕ್ಕಾಗಿ ನಡುನಡುವೆ ಖಾಲಿ ಬೈಟುಗಳನ್ನು ತುರುಕುವುದುಂಟು. ಎರಡು ಯಂತ್ರಗಳ ತುರುಕಾಟ ಒಂದೇ ಆಗಿರಬೇಕೆಂದಿಲ್ಲ. ಆದುದರಿಂದ ಕಂತೆಯನ್ನು ಇದ್ದಂತೆಯೇ ಕಳುಹಿಸದೆ, ಒಂದೊಂದು ಅಂಶವನ್ನೂ ಗೊತ್ತಾದ ಕ್ರಮದಲ್ಲಿ ಬಿಡಿಸಿ ಕಳುಹಿಸುವುದು ಲೇಸು. ಮೇಲಾಗಿ ಟಿಸಿಪಿ ಎಂಬ ಸಾಗಣೆಯ ವಿಧಾನ ಬೈಟುಗಳ ಕ್ರಮವನ್ನು ಕಾಯುತ್ತದೆಯೇ ಹೊರತು ಸುದ್ದಿಯ ಎಲ್ಲೆಯನ್ನಲ್ಲ. ಒಂದು ಸುದ್ದಿ ಎರಡು ತುಂಡಾಗಿ ತಲಪಬಹುದು, ಎರಡು ಒಂದಾಗಿಯೂ ಬರಬಹುದು. ಲಾರಿಯೊಡನೆ ಚೀಲಗಳ ಲೆಕ್ಕದ ಚೀಟಿ ಹೋಗುವಂತೆ, ಸುದ್ದಿಯ ಮುಂದೆ ಅದರ ಉದ್ದವನ್ನು ತಿಳಿಸುವುದು ಇದಕ್ಕೆ ಮದ್ದು.

125 ಕೋಟಿಯ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಯಾರಾದರೂ ತಿದ್ದಿಯಾರು. ಎಲ್ಲೆ ಜಾರಿ ಒಬ್ಬನ ತೂಕ ಮತ್ತೊಬ್ಬನ ಹೆಸರಿಗೆ ಸೇರಿದರೆ ಅದು ಯಾರ ಕಣ್ಣಿಗೂ ಬೀಳದು. ನಾಲ್ಕು ತಿಂಗಳು ಕೆಸರಿನಲ್ಲಿ ದುಡಿದ ರೈತನ ನ್ಯಾಯವಾದ ಹಣ ನಿಂತಿರುವುದು ಎರಡು ಯಂತ್ರಗಳು ಮೊದಲೇ ಮಾಡಿಕೊಂಡ ಆ ಸಣ್ಣ ಒಪ್ಪಂದದ ಮೇಲೆ.