ನೆಲದಾಳದ ಚಿತ್ರ, ಬಿಚ್ಚಿಡಬೇಕಾದ ಲೆಕ್ಕ

ಹಲಸಿನಕಾಯಿಯನ್ನು ಕೊಯ್ಯದೆಯೇ ತಟ್ಟಿ, ಸದ್ದು ಕೇಳಿ, ಬಲಿತಿದೆಯೇ ಎಂದು ಮಲೆನಾಡಿನ ಹಿರಿಯರು ಹೇಳಬಲ್ಲರು. ಅಗೆಯದೆ ನೆಲದಾಳವನ್ನು ಅರಿಯುವ ಭೂಭೌತ ವಿಜ್ಞಾನದ ಕ್ರಮವೂ ಇದೇ ಬಗೆಯದು. ಕಿರುಸ್ಫೋಟದಿಂದಲೋ ಸುತ್ತಿಗೆಯ ಪೆಟ್ಟಿನಿಂದಲೋ ಕಂಪನವನ್ನುಂಟುಮಾಡಿ, ಶಿಲಾಪದರಗಳಿಗೆ ತಾಗಿ ಮರಳುವ ಅಲೆಗಳನ್ನು ದಾಖಲಿಸಿ, ಗಣಕದ ನೆರವಿನಿಂದ ಒಳಗಿನ ಚಿತ್ರವನ್ನು ರಚಿಸಲಾಗುತ್ತದೆ.

ಈ ಗಣನೆಗೆ ತಳಹದಿ ಹಾಕಿದವರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಜಾನ್ ಕ್ಲೇರ್‌ಬೌಟ್ ಪ್ರಮುಖರು. ಕೆಳಗಿಳಿಯುವ ಅಲೆಯೂ ಮೇಲೇರುವ ಅಲೆಯೂ ಒಂದೇ ಕ್ಷಣದಲ್ಲಿ ಕೂಡುವೆಡೆ ಪ್ರತಿಫಲಿಸುವ ಪದರವಿದೆ ಎಂಬ ಸೂತ್ರವನ್ನು ಅವರು 1971ರಲ್ಲಿ ಮಂಡಿಸಿದರು. 1973ರಲ್ಲಿ ಅವರು ಆರಂಭಿಸಿದ ಸಂಶೋಧನಾ ಯೋಜನೆಗೆ ತೈಲ ಕಂಪನಿಗಳು ಧನಸಹಾಯ ನೀಡಿದವು.

ಆದರೆ ಈ ಚಿತ್ರವು ಛಾಯಾಚಿತ್ರವಲ್ಲ. ಉಪಕರಣವು ಅಳೆಯುವುದು ಅಲೆ ಮರಳಲು ಹಿಡಿದ ಕಾಲವನ್ನು ಮಾತ್ರ. ಆಳವನ್ನು ಹೇಳಲು ಅಲೆಯ ವೇಗವೂ ಬೇಕು. ಅದನ್ನು ಬಹುಪಾಲು ಅಂದಾಜಿಸಬೇಕಾಗುತ್ತದೆ. ಅಲೆಯೊಂದು ಹೋಗಿಬರಲು 0.04 ಸೆಕೆಂಡು ಹಿಡಿದಿದೆ ಎನ್ನೋಣ. ವೇಗವು ಸೆಕೆಂಡಿಗೆ 1000 ಮೀಟರ್ ಎಂದು ಭಾವಿಸಿದರೆ ಬಂಡೆ 20 ಮೀಟರ್ ಆಳದಲ್ಲಿದೆ. 1500 ಮೀಟರ್ ಎಂದು ಭಾವಿಸಿದರೆ 30 ಮೀಟರ್ ಆಳದಲ್ಲಿದೆ. ದಾಖಲೆ ಒಂದೇ, ಚಿತ್ರ ಎರಡು.

ಕೆಲ ತಿಂಗಳು ಕಳೆದರೆ ತಮ್ಮದೇ ಗಣನೆಯನ್ನು ಮತ್ತೆ ಮಾಡಿ ತೋರಿಸಲು ಸಂಶೋಧಕರು ತಡವರಿಸುವುದನ್ನು ಕ್ಲೇರ್‌ಬೌಟ್ ಕಂಡಿದ್ದರು. ಪ್ರಬಂಧದಲ್ಲಿನ ಚಿತ್ರವನ್ನು ಅದೇ ದತ್ತಾಂಶ, ಅದೇ ಗಣಕ ಕ್ರಮವಿಧಿಗಳಿಂದ ಇತರರೂ ಮರಳಿ ರಚಿಸುವಂತಿರಬೇಕೆಂಬ ಪದ್ಧತಿಯನ್ನು ಅವರು 1990ರ ಸುಮಾರಿಗೆ ರೂಢಿಗೆ ತಂದರು. 1992ರಲ್ಲಿ ಮಾರ್ಟಿನ್ ಕಾರೆನ್‌ಬಾಕ್ ಅವರೊಡಗೂಡಿ ಅದನ್ನು ವಿದ್ವತ್ ಸಭೆಯ ಮುಂದಿಟ್ಟರು.

ಮಲೆನಾಡಿಗೆ ಈ ಪಾಠ ದೂರದ್ದಲ್ಲ. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ರೂಪಿಸಲಾದ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯಲ್ಲಿ ಸುರಂಗಗಳೂ ಭೂಗತ ವಿದ್ಯುದಾಗಾರವೂ ಸೇರಿವೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಗುಡ್ಡವನ್ನು ಕೊರೆಯುವ, ಕಡಿಯುವ ನಿರ್ಧಾರಗಳು ನೆಲದಾಳದ ವರದಿಗಳನ್ನು ಅವಲಂಬಿಸಿರುವಾಗ, ಅವುಗಳ ಬಣ್ಣದ ನಕ್ಷೆಯನ್ನಷ್ಟೇ ತೋರಿಸಿ ಜನರನ್ನು ಒಪ್ಪಿಸುವುದು ನ್ಯಾಯವಲ್ಲ.

ಅಲೆಯ ವೇಗವನ್ನು ಯಾವ ಆಧಾರದಿಂದ ಹಿಡಿಯಲಾಯಿತು? ಎಷ್ಟು ಕಡೆ ಕೊಳವೆ ಕೊರೆದು ತಾಳೆ ನೋಡಲಾಯಿತು? ಮೂಲ ದಾಖಲೆ ಎಲ್ಲಿದೆ? ಗ್ರಾಮಸಭೆಗಳು ಈ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಕೇಳಬೇಕು. 2005ರ ಮಾಹಿತಿ ಹಕ್ಕು ಕಾಯ್ದೆ ಅದಕ್ಕೆ ದಾರಿ ಮಾಡಿದೆ. ಭೂವಿಜ್ಞಾನ ಓದುವ ವಿದ್ಯಾರ್ಥಿಗಳು ಊರಿನವರ ಜೊತೆ ಕುಳಿತು ಆ ಲೆಕ್ಕವನ್ನು ಮತ್ತೆ ಮಾಡಿ ನೋಡಬೇಕು.

ತೈಲ ಕಂಪನಿಗಳ ಹಣದಿಂದ ನಡೆದ ಸಂಶೋಧನೆಯೇ ತನ್ನ ಲೆಕ್ಕವನ್ನು ಬಿಚ್ಚಿಡಬಲ್ಲದಾದರೆ, ಜನರ ತೆರಿಗೆಯ ಹಣದಿಂದ ನಡೆಯುವ ಸಮೀಕ್ಷೆ ಅದನ್ನು ಬಚ್ಚಿಡಲು ಕಾರಣವಿಲ್ಲ. ಗುಡ್ಡದ ಬುಡದಲ್ಲಿ ಮಲಗುವವರಿಗೆ ಆ ಲೆಕ್ಕವನ್ನು ನೋಡುವ ಹಕ್ಕು ಎಲ್ಲರಿಗಿಂತ ಮೊದಲು ಸಲ್ಲಬೇಕು.